ಲಾಕ್‌ಡೌನ್ ನಂತರ ಹೋಟೆಲ್ ಊಟ: ಶ್ರಾವಕರು ಗಮನಿಸಬೇಕಾದ ಅಂಶಗಳು

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಹೋಟೆಲ್‌ಗಳಲ್ಲಿ ಕುಳಿತು ತಿನ್ನುವುದು ನಿಂತು, ಪಾರ್ಸೆಲ್ ಮಾತ್ರ ಉಳಿಯಿತು. ಜೂನ್ 8ರಿಂದ ಅರ್ಧದಷ್ಟು ಆಸನಗಳಿಗೆ ಅವಕಾಶ ಸಿಕ್ಕಿತು. ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 27ರಿಂದ ಮತ್ತೆ ನಿರ್ಬಂಧ ಬಂತು. ಜೂನ್ 21ರಿಂದ ಬೆಂಗಳೂರಿನ ಹೋಟೆಲ್‌ಗಳಲ್ಲಿ ಸಂಜೆ 5ರವರೆಗೆ ಅರ್ಧ ಆಸನಗಳೊಂದಿಗೆ ಊಟ ಆರಂಭವಾಯಿತು.

ಈ ಗಡುವಿನಿಂದ ಹೋಟೆಲಿನವರಿಗೆ ನಷ್ಟವಾಯಿತು. ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನ ಕುಟುಂಬಗಳಿಗೆ ತೊಂದರೆಯಾಗಲಿಲ್ಲ. ನಿಜವಾದ ಪರೀಕ್ಷೆ ಗಡುವು ಸಡಿಲವಾದ ಮೇಲೆ. ಮನೆಯೂಟದಿಂದ ತಿಂಗಳುಗಟ್ಟಲೆ ಸುಲಭವಾಗಿ ನಡೆದ ರಾತ್ರಿಭೋಜನ ತ್ಯಾಗ ಮತ್ತು ಕಂದಮೂಲ ತ್ಯಾಗ ಹೊರಗೆ ಹೋದಾಗ ಕೆಡಬಾರದು.

ವಸಂತಪುರ, ಬನಶಂಕರಿ, ಜಯನಗರದ ಕಡೆ ಸಸ್ಯಾಹಾರಿ ದರ್ಶಿನಿಗಳಿಗೆ ಕೊರತೆಯಿಲ್ಲ. ಆದರೆ ಸಸ್ಯಾಹಾರವೆಲ್ಲ ಜೈನ ಆಹಾರವಲ್ಲ. ಮಸಾಲೆ ದೋಸೆಯ ಪಲ್ಯದಲ್ಲಿ ಆಲೂಗಡ್ಡೆ, ಸಾಗುವಿನಲ್ಲಿ ಕ್ಯಾರೆಟ್, ಸಾಂಬಾರಿನಲ್ಲಿ ಈರುಳ್ಳಿ, ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಸಾಮಾನ್ಯ. ‘ಈರುಳ್ಳಿ, ಬೆಳ್ಳುಳ್ಳಿ ಇಲ್ಲ’ ಎಂದ ಮಾತ್ರಕ್ಕೆ ಆಲೂಗಡ್ಡೆ, ಹಸಿ ಶುಂಠಿ ಇಲ್ಲವೆಂದಲ್ಲ. ಒಂದೊಂದನ್ನೂ ಹೆಸರು ಹೇಳಿ ಕೇಳಬೇಕು. ಹಿಂದಿನ ದಿನ ರುಬ್ಬಿದ ಹಿಟ್ಟನ್ನು ಬಿಟ್ಟವರು ಇಡ್ಲಿ, ದೋಸೆಯ ಬಗ್ಗೆಯೂ ವಿಚಾರಿಸುವುದು ಒಳ್ಳೆಯದು.

ತಿನ್ನುವಾಗ ಮಾಸ್ಕ್ ತೆಗೆಯಲೇಬೇಕು. ಗಾಳಿಯಾಡದ ಕೋಣೆಯಲ್ಲಿ ಸೋಂಕಿನ ಭಯ ಹೆಚ್ಚು. ಆದ್ದರಿಂದ ಕಿಟಕಿ-ಬಾಗಿಲು ತೆರೆದಿರುವ ಜಾಗದಲ್ಲಿ, ಜನ ಕಡಿಮೆಯಿರುವ ಮಧ್ಯಾಹ್ನ 4ರ ಸುಮಾರಿಗೆ ಕುಳಿತರೆ ಆರೋಗ್ಯಕ್ಕೂ ಕ್ಷೇಮ, ನಿಯಮವೂ ಉಳಿಯುತ್ತದೆ. ಸೋಸಿ ಕಾಯಿಸಿದ ನೀರನ್ನು ಮನೆಯಿಂದಲೇ ಒಯ್ಯಬೇಕು. ವಯಸ್ಸಾದ ತಂದೆ-ತಾಯಿಯರಿಗೆ ಆ ಸಮಯದಲ್ಲಿ ಮನೆಯೂಟವೇ ಸರಿಯಾಗಿತ್ತು.