ಹಸಿರೆಲ್ಲ ಮೇವಲ್ಲ: ಶರತ್ಕಾಲದ ಹೂವು ಮತ್ತು ನಮ್ಮ ಜೇನು

ಹಸ್ತ ಮಳೆ ಸರಿದು ಚಿತ್ತೆ ಹಿಡಿಯುವ ಹೊತ್ತಿಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಒಬ್ಬಿಬ್ಬರಾದರೂ ಹೇಳುವ ಮಾತು ಒಂದೇ: "ಪೆಟ್ಟಿಗೆ ಖಾಲಿಯಾಯಿತು." ಮಳೆಗಾಲ ಪೂರ್ತಿ ಹೇಗೋ ಉಳಿದಿದ್ದ ತುಡುವೆ ಜೇನು ಬಿಸಿಲು ಬಿದ್ದು ಲೋಕವೆಲ್ಲ ಹಸಿರಾದಾಗ ಗೂಡು ಬಿಟ್ಟು ಹಾರಿಹೋಗಿರುತ್ತದೆ. ಉಳಿದ ಎರಿಗಳಲ್ಲಿ ಮೇಣದ ಹುಳು ಬಲೆ ಹೆಣೆದಿರುತ್ತದೆ. ಇಷ್ಟು ಹಸಿರಿರುವಾಗ ಜೇನಿಗೇನು ಕೊರತೆ ಎಂಬುದು ಸದಸ್ಯರ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಉತ್ತರದ ಒಂದು ಪಾಲು ನಮಗೆ ದೊರೆತದ್ದು ನಮ್ಮ ಮಲೆನಾಡಿನಲ್ಲಲ್ಲ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದ ಬಯಲಿನಲ್ಲಿ.

ನಲವತ್ತು ದಿನದ ಲೆಕ್ಕ

ಮೊದಲು ಲೆಕ್ಕ ನೋಡೋಣ. ತುಡುವೆ ಜೇನಿನ ಕೆಲಸಗಾರ ನೊಣ ಮೊಟ್ಟೆಯಿಂದ ನೊಣವಾಗಿ ಹೊರಬರಲು ಸುಮಾರು 20 ದಿನ ಬೇಕು. ಹೊರಬಂದ ಮೇಲೂ ಎರಡು ಮೂರು ವಾರ ಅದಕ್ಕೆ ಗೂಡಿನೊಳಗೇ ಚಾಕರಿ: ಮರಿ ಸಾಕುವುದು, ಎರಿ ಕಟ್ಟುವುದು, ಬಾಗಿಲು ಕಾಯುವುದು. ಹೂವಿಗೆ ಹಾರುವುದು ಆಮೇಲೆ. ಅಂದರೆ ರಾಣಿ ಮೊಟ್ಟೆಯಿಟ್ಟ ದಿನದಿಂದ ಆ ನೊಣ ತೋಟಕ್ಕೆ ಇಳಿಯುವ ದಿನಕ್ಕೆ ಸುಮಾರು 40 ದಿನ.

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಹೂವಿನ ವೈಭವ ಎರಡು ಮೂರು ದಿನ ಮಾತ್ರ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಆ ಶಕ್ತಿ ಇಲ್ಲ. ಬೇರೆ ಗಿಡದ ಪರಾಗ ಗಾಳಿಯಲ್ಲಿ ಬರಬೇಕು, ಇಲ್ಲವೇ ನೊಣದ ಕಾಲಿನಲ್ಲಿ ಬರಬೇಕು. ಮಾರ್ಚ್ ಮಧ್ಯದಲ್ಲಿ ಹೂವಾದರೆ, ಅಂದು ಹಾರುವ ನೊಣದ ಮೊಟ್ಟೆ ಫೆಬ್ರವರಿ ಆರಂಭದಲ್ಲೇ ಬಿದ್ದಿರಬೇಕು. ಆ ಮರಿಗಳನ್ನು ಸಾಕುವ ನೊಣಗಳು ಜನವರಿಯಲ್ಲಿ ಹುಟ್ಟಿರಬೇಕು, ಅವನ್ನು ಸಾಕಿದವು ಡಿಸೆಂಬರಿನಲ್ಲಿ. ಹೀಗೆ ಹಿಂದಕ್ಕೆ ಎಣಿಸುತ್ತ ಹೋದರೆ ನಾವು ಬಂದು ನಿಲ್ಲುವುದು ಅಕ್ಟೋಬರಿನಲ್ಲಿ, ಹಿಡಿಯಷ್ಟು ನೊಣ ಉಳಿದಿರುವ ಬಡ ಗೂಡಿನ ಮುಂದೆ.

ಆ ಗೂಡು ಮತ್ತೆ ಸಂಸಾರ ಹೂಡಲು ಮಕರಂದ ಮಾತ್ರ ಸಾಲದು. ಮಕರಂದ ನೊಣಕ್ಕೆ ಅನ್ನವಾದರೆ ಪರಾಗ ಮರಿಗೆ ಹಾಲಿದ್ದಂತೆ. ಪರಾಗ ಬರದಿದ್ದರೆ ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಆಗ ಗೂಡು ಒಳಗೇ ಕರಗುತ್ತದೆ, ಇಲ್ಲವೇ ಒಂದು ಬೆಳಗ್ಗೆ ಎದ್ದು ಹೋಗುತ್ತದೆ. ಆದ್ದರಿಂದ ಬರುವ ಮಾರ್ಚಿನ ಕಾಫಿ ಹೂವಿಗೆ ನಾವು ಸಿದ್ಧತೆ ಮಾಡಬೇಕಾದದ್ದು ಈ ಶರತ್ಕಾಲದಲ್ಲಿ.

ಕೆಂಚನಗುಡ್ಡದ ಬಯಲು

ನಮ್ಮ ಬೆಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಬಯಲಿಗಿಳಿದು ಸಿರುಗುಪ್ಪ ಸೀಮೆಯನ್ನು ಹಾದುಹೋಗುತ್ತವೆ. ಆ ದಂಡೆಯ ಮೇಲಿದೆ ಕೆಂಚನಗುಡ್ಡ. ವಿಜಯನಗರದ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳು ಈ ಭಾಗದವೇ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಸೀಮೆಯ ನೀರಾವರಿ ಮತ್ತಷ್ಟು ಹಬ್ಬಿತು. ಇಂದು ಸಿರುಗುಪ್ಪ ಎಂದರೆ ಭತ್ತ, ಭತ್ತವೆಂದರೆ ಸಿರುಗುಪ್ಪ ಎನ್ನುವಂತಾಗಿದೆ.

ಅಕ್ಟೋಬರಿನಲ್ಲಿ ಆ ಕಡೆ ಹೋಗಿದ್ದಾಗ ನಮ್ಮ ಕಣ್ಣಿಗೆ ಮೊದಲು ಕಂಡದ್ದು ಕಾಲುವೆಯ ಕೆಳಗಿನ ಭತ್ತದ ಹಸಿರು. ಕಣ್ಣು ಹಾಯುವಷ್ಟು ದೂರ ಒಂದೇ ಬಣ್ಣ. ಆದರೆ ಅಲ್ಲಿ ಜೇನಿನ ಸದ್ದಿಲ್ಲ. ಭತ್ತದ ಹೂವಿನಲ್ಲಿ ಮಕರಂದವಿಲ್ಲ. ಹೂ ಬಿಚ್ಚಿದ ಕೆಲವು ಗಂಟೆಗಳ ಮಟ್ಟಿಗೆ ಸ್ವಲ್ಪ ಪರಾಗ, ಅಷ್ಟೆ. ಸದ್ದು ಕೇಳಿಸಿದ್ದು ಕಾಲುವೆಯ ನೀರು ಹತ್ತದ ಎರೆ ಹೊಲಗಳಲ್ಲಿ, ಹಳ್ಳದ ದಂಡೆಯಲ್ಲಿ, ಬದುಗಳ ಮೇಲೆ. ಮಲೆನಾಡಿನವರು ಬರಡು ಎಂದು ಮೂಗು ಮುರಿಯುವ ನೆಲವೇ ಶರತ್ಕಾಲದಲ್ಲಿ ಜೇನಿನ ಅನ್ನಛತ್ರವಾಗಿತ್ತು.

ಅಲ್ಲಿನ ಊಟದ ಎಲೆಯಲ್ಲಿ ಏನೇನಿದೆ ಎಂದು ನೋಡೋಣ. ಆ ಸೀಮೆಯವರು ಗುರೆಳ್ಳು ಎನ್ನುವ ಹುಚ್ಚೆಳ್ಳು ಹಗಲು ಕಿರಿದಾಗುತ್ತ ಬಂದಂತೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಹಳದಿ ಹೂ ಬಿಡುತ್ತದೆ. ಇದು ಮಕರಂದ, ಪರಾಗ ಎರಡನ್ನೂ ಕೊಡುತ್ತದೆ. ತಾನೂ ರೊಬಸ್ಟಾದಂತೆ ಪರಕೀಯ ಪರಾಗವಿಲ್ಲದೆ ಕಾಳು ಕಟ್ಟದು. ಹತ್ತಿಗೆ ಹೂವಿನಲ್ಲಷ್ಟೇ ಅಲ್ಲ, ಎಲೆಯ ಅಡಿಯ ನರದ ಮೇಲೂ ಮಕರಂದ ಜಿನುಗುವ ಗ್ರಂಥಿಗಳುಂಟು. ತೊಗರಿ ನವೆಂಬರಿನತ್ತ ಹೂವಿಗೆ ಬರುತ್ತದೆ. ಜೋಳ, ಸಜ್ಜೆಗಳಲ್ಲಿ ಪರಾಗ. ಬದುವಿನ ಬಾರಿ ಗಿಡದ ಹಸಿರು ಮಿಶ್ರಿತ ಸಣ್ಣ ಹೂವನ್ನು ಮನುಷ್ಯ ಗಮನಿಸುವುದೇ ಇಲ್ಲ, ನೊಣ ಬಿಡುವುದೇ ಇಲ್ಲ. ಕಾಲಡಿಯಲ್ಲಿ ತುಂಬೆ, ನೆಗ್ಗಿಲು. ಹಿಂದೆ ಈ ಪಟ್ಟಿಯಲ್ಲಿ ಸೂರ್ಯಕಾಂತಿಗೆ ಅಗ್ರಸ್ಥಾನವಿತ್ತು. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗವೂ ಮಾರುಕಟ್ಟೆಯ ಏರಿಳಿತವೂ ಸೇರಿ ರಾಜ್ಯದಲ್ಲಿ ಆ ಬೆಳೆ ಬಹಳ ಕುಗ್ಗಿದೆ.

ಬಳ್ಳಾರಿ ಜಾಲಿಯ ಎರಡು ಮುಖ

ಆ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಬಗ್ಗೆ ಎರಡು ಮಾತು ಹೇಳಬೇಕು. ದಕ್ಷಿಣ ಅಮೆರಿಕದ ಕಡೆಯ ಈ ಗಿಡ 1870ರ ದಶಕದಲ್ಲಿ ನಮ್ಮ ದೇಶಕ್ಕೆ ಸೌದೆಗಾಗಿ ಬಂತು. ಈಗ ಕೆರೆಯಂಗಳ, ಗೋಮಾಳ, ಹಳ್ಳದ ದಂಡೆ ಎಲ್ಲವೂ ಅದರದೇ. ಬೇಸಿಗೆಯ ಮೊದಲು ಒಮ್ಮೆ, ಮಳೆ ಹಿಂದಾದ ಮೇಲೆ ಇನ್ನೊಮ್ಮೆ ಅದು ಹೂವಾಗುತ್ತದೆ. ಜೇನು ಸಾಕುವವರ ಪಾಲಿಗೆ ಅದು ಕಾಮಧೇನು. ಹುಲ್ಲುಗಾವಲು ಕಳೆದುಕೊಂಡ ಕುರುಬರ ಪಾಲಿಗೆ ಮುಳ್ಳು. ಹೊಲದ ಹಿರಿಯರೊಬ್ಬರು ನಮಗೆ ಹೇಳಿದರು: "ಗಿಡದ ಮ್ಯಾಲ ಸಿಟ್ಟು ಐತ್ರಿ, ಅದರ ಹೂವಿನ ಮ್ಯಾಲ ಇಲ್ರಿ."

ಇಂಥ ಇಬ್ಬಂದಿ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಬ್ರೆಜಿಲಿಯನ್ ಪೆಪ್ಪರ್ ಎಂಬ ಪರದೇಶಿ ಗಿಡ ಶರತ್ಕಾಲದಲ್ಲಿ ಹೂವಾಗಿ ಅಲ್ಲಿನ ಜೇನು ಸಾಕುವವರಿಗೆ ಆಸರೆಯಾಗಿದೆ. ಅದೇ ಗಿಡ ಸ್ಥಳೀಯ ಕಾಡನ್ನು ನುಂಗುತ್ತಿದೆ ಎಂದು ಸರ್ಕಾರ ಅದನ್ನು ಕಡಿಸುತ್ತಿದೆ. ಜೇನಿಗೆ ಒಳ್ಳೆಯದೆಂಬ ಕಾರಣಕ್ಕೆ ಬಳ್ಳಾರಿ ಜಾಲಿಯನ್ನು ಯಾರೂ ತೋಟದ ಅಂಚಿಗೆ ತರಬಾರದು. ನಮ್ಮಲ್ಲೇ ಬೇಕಾದಷ್ಟು ಒಳ್ಳೆಯ ಗಿಡಗಳಿವೆ.

ಇನ್ನೊಂದು ಸಂಗತಿ. ಹೆಜ್ಜೇನು ಒಂದೇ ಊರಿನಲ್ಲಿ ವರ್ಷವಿಡೀ ಇರುವ ಜೀವಿಯಲ್ಲ. ಮಲೆಯಲ್ಲಿ ಜಡಿಮಳೆ ಹಿಡಿಯುವ ಮೊದಲು ಬಯಲಿನ ಕಡೆ ಇಳಿಯುತ್ತದೆ, ಹೂವಿನ ಕಾಲಕ್ಕೆ ಮತ್ತೆ ಮೇಲೇರಿ ಹಳೆಯ ಮರಕ್ಕೇ ಬಂದು ಕೂರುವುದುಂಟು. ರೊಬಸ್ಟಾ ಹೂವಿನ ದಿನ ತೋಟದಲ್ಲಿ ಮೊರೆಯುವ ನೊಣಗಳಲ್ಲಿ ಇದರ ಪಾಲು ದೊಡ್ಡದು. ಬಯಲಿನ ಬದು ಬೋಳಾದರೆ ನಷ್ಟ ಬಯಲಿನವರಿಗೆ ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ.

ನಮ್ಮ ತೋಟದ ಶರತ್ಕಾಲ

ಈಗ ನಮ್ಮ ತೋಟಕ್ಕೆ ಬರೋಣ. ಚೊಕ್ಕಟವಾಗಿ ಕಳೆ ತೆಗೆಸಿದ ಕಾಫಿ ತೋಟ, ಹುಲ್ಲುಕಡ್ಡಿಯಿಲ್ಲದ ಅಡಿಕೆ ತೋಟ, ಇವು ಅಕ್ಟೋಬರಿನಲ್ಲಿ ನೋಡಲು ಎಷ್ಟು ಹಸಿರು! ಆದರೆ ಜೇನಿನ ಲೆಕ್ಕದಲ್ಲಿ ಅವು ಕೆಂಚನಗುಡ್ಡದ ಭತ್ತದ ಗದ್ದೆಯ ಹಾಗೆಯೇ. ಕಾಫಿ ಆಗ ಕಾಯಿ ಹೊತ್ತಿದೆ. ಅಡಿಕೆಯ ಹಿಂಗಾರದಲ್ಲಿ ಪರಾಗ ಧಾರಾಳ, ನಿಜ; ಆದರೆ ಅದರ ಭರಾಟೆ ಬೇಸಿಗೆಯ ಕಡೆಗೆ. ತುಡುವೆ ನೊಣ ಸಾಮಾನ್ಯವಾಗಿ ಗೂಡಿನಿಂದ ಒಂದು ಕಿಲೋಮೀಟರಿನ ಒಳಗೇ ಮೇಯುತ್ತದೆ. ಆ ಸುತ್ತಿನೊಳಗೆ ಸಿಕ್ಕಿದ್ದೇ ಅದರ ಸಂಸಾರ.

ಹಾಗಾದರೆ ಆ ಹೊತ್ತಿನಲ್ಲಿ ನಮ್ಮಲ್ಲಿ ಅದಕ್ಕೆ ಒದಗುವುದು ಏನು? ನೆಲಮಟ್ಟದಲ್ಲಿ ತುಂಬೆ, ಮಕರಂದಕ್ಕೆ. ನಾಚಿಕೆ ಮುಳ್ಳು, ಪರಾಗಕ್ಕೆ. ಬೆಳಗಿನ ಹೊತ್ತು ಅದರ ಗುಲಾಬಿ ಚೆಂಡುಗಳ ಮೇಲೆ ನೊಣ ಹೊರಳುವುದನ್ನು ಯಾರೂ ನೋಡಬಹುದು. ಕಾಡಂಚಿನಲ್ಲಿ ಗುರಿಗೆ, ಕೆಲವು ಜಾತಿಗಳು ಹಲವು ವರ್ಷಕ್ಕೊಮ್ಮೆ ಗುಡ್ಡಕ್ಕೆ ಗುಡ್ಡವೇ ಅರಳುತ್ತವೆ. 2022ರಲ್ಲಿ ಚಂದ್ರದ್ರೋಣ ಸಾಲಿನಲ್ಲಿ ಅರಳಿದ ಕುರಿಂಜಿಯೂ ಇದೇ ಬಳಗದ್ದು. ಏಲಕ್ಕಿ ಇರುವವರಿಗೆ ಅದರ ಕೊನೆಯ ಹೂಗಳು; ಏಲಕ್ಕಿಯಂತೂ ಜೇನಿಲ್ಲದೆ ಕಾಯಿ ಕಟ್ಟುವುದೇ ಕಷ್ಟ. ಮನೆ ಸುತ್ತಿನ ತೆಂಗು ವರ್ಷವಿಡೀ ಸ್ವಲ್ಪ ಸ್ವಲ್ಪ ಕೊಡುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಂಟುವಾಳ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಬೇಲಿಯಂಚಿನಲ್ಲಿ ಒಂದೆರಡು ಅಂಟುವಾಳವಿರುವ ತೋಟದವರು ಭಾಗ್ಯವಂತರು. ಮನೆ ಚಪ್ಪರದ ಮೇಲೆ ಗುಲಾಬಿ ಗೊಂಚಲಿನ ಆಂಟಿಗೋನನ್ ಬಳ್ಳಿ ಹಬ್ಬಿದ್ದರೆ, ಅಲ್ಲಿ ದಿನವಿಡೀ ಜಾತ್ರೆ.

ಕಳೆ ತೆಗೆಯುವ ಸಮಯ

ಕಹಿಯಾದರೂ ಹೇಳಲೇಬೇಕಾದ ಮಾತಿದು. ತುಂಬೆ, ನಾಚಿಕೆ ಮುಳ್ಳು ಎರಡೂ ನಮ್ಮ ಲೆಕ್ಕದಲ್ಲಿ ಕಳೆ. ಮಳೆ ನಿಂತೊಡನೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಾವು ಒಂದೇ ಉಸಿರಿಗೆ ತೋಟವೆಲ್ಲ ಬೋಳಿಸುತ್ತೇವೆ. ಆಳು ಸಿಗದ ಕಡೆ ಕಳೆನಾಶಕದ ಕ್ಯಾನು ಬರುತ್ತದೆ. ಜೇನು ಹಸಿದಿರುವ ವಾರದಲ್ಲೇ ನಾವು ಅದರ ಎಲೆ ಎತ್ತಿಬಿಡುತ್ತೇವೆ.

ಕಳೆ ತೆಗೆಯಬೇಡಿ ಎಂದು ನಾವು ಹೇಳುವುದಿಲ್ಲ. ಕಾಫಿ ಕೊಯ್ಲಿಗೆ ನೆಲ ಕಾಣಬೇಕು, ತೇವ ಉಳಿಯಬೇಕು, ನಾಚಿಕೆ ಮುಳ್ಳಿನಲ್ಲಿ ಆಳುಗಳ ಕಾಲು ಕೆರೆಯಬಾರದು. ಇದು ನಮಗೂ ಗೊತ್ತು. ನಮ್ಮ ಸಲಹೆ ಇಷ್ಟೇ: ತೋಟವನ್ನು ಒಂದೇ ಬಾರಿಗೆ ಬೋಳಿಸದೆ, ಒಂದು ಪಟ್ಟೆ ತೆಗೆದು ಒಂದು ಪಟ್ಟೆ ಬಿಡಿ. ಬಿಟ್ಟದ್ದನ್ನು ಮೂರು ವಾರದ ನಂತರ, ಬೀಜ ಉದುರುವ ಮೊದಲು ತೆಗೆಯಿರಿ. ಅಷ್ಟರಲ್ಲಿ ಮೊದಲ ಪಟ್ಟೆ ಚಿಗುರಿರುತ್ತದೆ. ಎಕರೆಗೆ ಬೀಳುವ ಆಳಿನ ಲೆಕ್ಕ ಹೆಚ್ಚು ಬದಲಾಗದು. ಬೇಲಿಸಾಲು, ಹಳ್ಳದ ಅಂಚು, ಕಲ್ಲುಗುಂಡಿನ ಸುತ್ತಮುತ್ತ ಕತ್ತಿ ಹಾಕದಿದ್ದರೆ ನಷ್ಟವೇನೂ ಇಲ್ಲ.

ಔಷಧಿ ಹೊಡೆಯುವವರು ಹೂವಿರುವ ಜಾಗ ತಪ್ಪಿಸಬೇಕು. ಹೊಡೆಯಲೇಬೇಕಾದರೆ ನೊಣ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬೇಕು. ಇಮಿಡಾಕ್ಲೋಪ್ರಿಡ್ ಸೇರಿದಂತೆ ಆ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಿನ ಬೆಳೆಗೆ ಬಳಸದಂತೆ ಯೂರೋಪ್ ಒಕ್ಕೂಟ 2018ರಲ್ಲಿ ತಡೆದದ್ದು ಜೇನಿನ ಕಾರಣಕ್ಕೇ.

ಹಿಂದಿನ ಪಾಠ

1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ನುಗ್ಗಿದ ಥಾಯ್ ಸ್ಯಾಕ್‌ಬ್ರೂಡ್ ನಂಜುರೋಗವನ್ನು ಹಿರಿಯ ಸದಸ್ಯರು ಮರೆತಿರಲಾರರು. ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ತುಡುವೆ ಗೂಡುಗಳಲ್ಲಿ ಹತ್ತರಲ್ಲಿ ಒಂಬತ್ತು ಹೋದವು. 1936ರಲ್ಲೇ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರು ಸಹಕಾರ ಸಂಘ ಕಟ್ಟಿದ್ದ ಕೊಡಗಿನಂಥ ಕೊಡಗೇ ತತ್ತರಿಸಿತು. ಆ ರೋಗಕ್ಕೆ ಇಂದಿಗೂ ಔಷಧಿಯಿಲ್ಲ. ಇರುವ ರಕ್ಷಣೆ ತುಂಬಿದ ಗೂಡು, ಎಳೆಯ ರಾಣಿ, ಚೊಕ್ಕ ಪೆಟ್ಟಿಗೆ. ಹೊಟ್ಟೆಗಿಲ್ಲದ ಗೂಡಿಗೆ ರೋಗವೂ ಬೇಗ, ಮೇಣದ ಹುಳುವೂ ಬೇಗ.

ಈ ಹಂಗಾಮಿಗೆ ಮಾಡಬೇಕಾದದ್ದು

ಹೂ ಬರುವವರೆಗೆ ವಾರಕ್ಕೆ 200 ಗ್ರಾಂನಷ್ಟು ಸಕ್ಕರೆಯನ್ನು ಸಮತೂಕ ನೀರಿನಲ್ಲಿ ಕರಗಿಸಿ ಪ್ರತಿ ಪೆಟ್ಟಿಗೆಯೊಳಗೆ ಇಡಿ. ಸಂಜೆಯೇ ಇಡಬೇಕು, ಹೊರಗೆ ಚೆಲ್ಲಿದರೆ ಬೇರೆ ಗೂಡಿನ ನೊಣಗಳು ದರೋಡೆಗೆ ಬರುತ್ತವೆ. ಆದರೆ ಸಕ್ಕರೆಯಲ್ಲಿ ಪರಾಗವಿಲ್ಲ ಎಂಬುದು ನೆನಪಿರಲಿ.

ನೊಣ ಮುಚ್ಚದ ಹಳೆಯ ಕಪ್ಪು ಎರಿಗಳನ್ನು ತೆಗೆದು ಕರಗಿಸಿ. ಗೂಡು ಕಿರಿದಾಗಿದ್ದರೆ ಚೌಕಟ್ಟುಗಳನ್ನೂ ಕಡಿಮೆ ಮಾಡಿ. ಅಡಿಹಲಗೆ ಗುಡಿಸಿ.

ಬರುವ ವರ್ಷ ಮಳೆಯ ಆರ್ಭಟ ಇಳಿದ ಕೂಡಲೇ, ಆಗಸ್ಟಿನಲ್ಲಿ, ನೀರು ನಿಲ್ಲದ ಖಾಲಿ ಜಾಗಕ್ಕೆ, ಕಣದ ಸುತ್ತ, ಹೊಸ ನೆಡುತೋಪಿನ ಸಾಲಿನ ನಡುವೆ ಹಿಡಿ ಹುಚ್ಚೆಳ್ಳು ಎರಚಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ನಮ್ಮ ಹಿರಿಯರು ಇದನ್ನೇ ಮಾಡುತ್ತಿದ್ದರು. ಚಟ್ನಿಪುಡಿಗೆ ಕಾಳೂ ಆಯಿತು. ಬೇಲಿಗೆ ಅಂಟುವಾಳದ ಸಸಿ ನೆಡಿ. ಅದರ ಫಲ ನಿಧಾನ, ಆದರೆ ಮಕ್ಕಳ ಕಾಲಕ್ಕೆ ಉಳಿಯುತ್ತದೆ. ಹುಚ್ಚೆಳ್ಳಿನ ಬೀಜ ಬೇಕಾದವರು ಜುಲೈ ಮುಗಿಯುವುದರೊಳಗೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಿದರೆ ಒಟ್ಟಿಗೆ ತರಿಸಲು ಅನುಕೂಲ.

ಆಶ್ವಯುಜದ ಹುಣ್ಣಿಮೆಯಂದು ಕೆಂಚನಗುಡ್ಡದ ಕಡೆಯವರು ಶೀಗಿ ಹುಣ್ಣಿಮೆಯೆಂದು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಅದೇ ದಿನ ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆ. ಬಸುರಿ ಬೆಳೆಗೆ ಬಯಕೆಯ ಊಟ. ಈ ಬಾರಿ ಪೂಜೆಗೆ ತೋಟಕ್ಕೆ ಹೋದಾಗ ಪೆಟ್ಟಿಗೆಯ ಬಾಗಿಲ ಬಳಿ ಐದು ನಿಮಿಷ ನಿಲ್ಲಿ. ಒಳಬರುವ ನೊಣಗಳ ಹಿಂಗಾಲಿನಲ್ಲಿ ಬಣ್ಣದ ಉಂಡೆ ಕಂಡರೆ ರಾಣಿ ಮೊಟ್ಟೆಯಿಡುತ್ತಿದೆ ಎಂದು ತಿಳಿಯಿರಿ. ಕಾಣದಿದ್ದರೆ ಕಳೆ ತೆಗೆಯಲು ಬಂದ ಆಳುಗಳಿಗೆ ಬೇಲಿಸಾಲನ್ನು ಬಿಟ್ಟುಬಿಡಲು ಹೇಳಿ.