ಗೋಡಂಬಿ ಸಿಪ್ಪೆಯಿಂದ ಬೆನ್ನುಹುರಿಯವರೆಗೆ

ಹುಣಸೆಹಣ್ಣು ಬಡಿಯೋಕೆ ಮರ ಹತ್ತಿದವರು ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಹಾಸಿಗೆ ಹಿಡಿದದ್ದನ್ನು ಬೆಳುಗುಪ್ಪದ ಸುತ್ತಮುತ್ತ ನೀವು ಕೇಳಿರಬಹುದು. ಮುರಿದ ಕೈಮೂಳೆ ಕೂಡಿಕೊಳ್ಳುತ್ತೆ. ಬೆನ್ನುಹುರಿಯ ನರತಂತು ಮಾತ್ರ ಮತ್ತೆ ಬೆಳೆಯೋದಿಲ್ಲ. ಯಾಕೆ? ಅದನ್ನು ಬೆಳೆಸುವ ಜೀನುಗಳು ನರಕೋಶದಲ್ಲೇ ಇರುತ್ತವೆ, ಆದರೆ ನಾವು ದೊಡ್ಡವರಾದ ಮೇಲೆ ಸುಮ್ಮನಾಗಿಬಿಡುತ್ತವೆ. ಇದೂ ಒಂದು ಕಾರಣ.

ಸುಮ್ಮನಾಗೋದು ಹೇಗೆ? ನಿಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋ ಕಡೆ ದಾರದ ರೀಲು ನೋಡಿದ್ದೀರಲ್ಲ? (ಆ ಜೀನ್ಸೇ ಬೇರೆ, ಈ ಜೀನೇ ಬೇರೆ!) ಹಾಗೆಯೇ ಡಿಎನ್‌ಎ ದಾರವು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಇರುವ ಜೀನನ್ನು ಕೋಶ ಓದಲಾರದು. ಹಿಸ್ಟೋನಿಗೆ ಧನ ವಿದ್ಯುದಂಶ, ಡಿಎನ್‌ಎಗೆ ಋಣ. ಅದಕ್ಕೇ ಆ ಬಿಗಿ. ಪಿ300 ಎಂಬ ಕಿಣ್ವವು ಹಿಸ್ಟೋನಿಗೆ ಅಸಿಟೈಲ್ ಗುಂಪು ಅಂಟಿಸಿದರೆ ಧನ ಅಂಶ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ, ಜೀನು ಕೆಲಸ ಶುರುಮಾಡುತ್ತದೆ. ಡಿಎನ್‌ಎಯ ಒಂದಕ್ಷರವೂ ಬದಲಾಗೋದಿಲ್ಲ. ಈ ವಿದ್ಯೆಯ ಹೆಸರೇ ಎಪಿಜೆನೆಟಿಕ್ಸ್. ಇದರ ಆಧಾರದ ಮೇಲೆ ಕ್ಯಾನ್ಸರಿಗೆ ಅಜಾಸಿಟಿಡಿನ್‌ನಂಥ ಔಷಧ 2004ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಒಂದೇ ಒಂದು ಜೀನನ್ನು ಹೀಗೆ ಮಲಗಿಸುವ ಔಷಧಕ್ಕಾಗಿ ಈಗ ಅಲ್ಲಿ ಕಂಪನಿಗಳೇ ಹುಟ್ಟಿಕೊಂಡಿವೆ.

ಅಷ್ಟು ದೂರ ಯಾಕೆ, ಬೆಂಗಳೂರಿನ ಜಕ್ಕೂರಿಗೆ ಬನ್ನಿ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಗೋಡಂಬಿ ಸಿಪ್ಪೆಯ ಎಣ್ಣೆಯನ್ನು ಹಿಡಿದು ಕೂತಿತು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದಲ್ಲ, ಅದೇ ಎಣ್ಣೆ! ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಕಿಣ್ವವನ್ನು ತಡೆಯುತ್ತದೆ ಎಂದು 2003ರಲ್ಲಿ ತೋರಿಸಿದರು. ತಮಾಷೆ ಮುಂದಿದೆ. ಅದೇ ಆಮ್ಲದ ಅಣುವನ್ನು ರಾಸಾಯನಿಕವಾಗಿ ಸ್ವಲ್ಪ ಮಾರ್ಪಡಿಸಿದಾಗ, ತಡೆಯುವುದರ ಬದಲು ಕಿಣ್ವವನ್ನು ಚುರುಕುಗೊಳಿಸುವ ಅಣು ಸಿಕ್ಕಿತು. ಅದರ ಇನ್ನೊಂದು ರೂಪ ಟಿಟಿಕೆ21. ಮಿದುಳಿಗೆ ಔಷಧ ಸುಲಭವಾಗಿ ನುಗ್ಗೋದಿಲ್ಲ. ಹಾಗಾಗಿ ಗ್ಲೂಕೋಸಿನಿಂದ ತಯಾರಿಸಿದ ಅತಿಸಣ್ಣ ಇಂಗಾಲದ ಗೋಲಿಗಳಿಗೆ ಇದನ್ನು ಅಂಟಿಸಿ ಕಳಿಸಿದರು. ಇಲಿಗಳ ಮಿದುಳಿಗೆ ಅದು ತಲುಪಿತು.

ಮುಂದೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರೂ ಜೊತೆಯಾದರು. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ 12 ವಾರ ಕಳೆದಿದ್ದ ಇಲಿಗಳಿಗೆ ವಾರಕ್ಕೊಮ್ಮೆ ಟಿಟಿಕೆ21 ಕೊಟ್ಟರು. ಹಳೇ ಗಾಯ, ಬೇಕಂತಲೇ ಅಷ್ಟು ದಿನ ಕಾದದ್ದು. ನರತಂತುಗಳು ಚಿಗುರಿದವು. ಆದರೆ ಇಲಿಗಳ ನಡಿಗೆ ಸುಧಾರಿಸಲಿಲ್ಲ. ಚಿಗುರಿದ ತಂತು ಸರಿಯಾದ ಕೋಶವನ್ನೇ ಹುಡುಕಿ ಸೇರಬೇಕಲ್ಲ, ಅದಕ್ಕೆ ಈ ಒಂದು ಔಷಧ ಸಾಲದು.