ಮರಿಯಿರುವ ಕಪ್ಪು ಕರಡಿ ಮೈಮೇಲೆ ಬೀಳುತ್ತದೆಯೇ?

ಕರಡಿ ಎದುರಾದರೆ ಏನು ಮಾಡಬೇಕೆಂದು ನಮಗೆಲ್ಲ ಪ್ರಾಥಮಿಕ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಇಬ್ಬರು ಗೆಳೆಯರಲ್ಲಿ ಒಬ್ಬ ಮರ ಹತ್ತಿದ, ಇನ್ನೊಬ್ಬ ಉಸಿರು ಬಿಗಿಹಿಡಿದು ಹೆಣದಂತೆ ಬಿದ್ದುಕೊಂಡ, ಕರಡಿ ಮೂಸಿ ನೋಡಿ ಹೊರಟುಹೋಯಿತು. ಸ್ನೇಹದ ಪಾಠಕ್ಕೆ ಕಥೆ ಚೆನ್ನಾಗಿದೆ. ಆದರೆ ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದವರು ಗ್ರೇಟ್ ಸ್ಮೋಕಿ ಮೌಂಟನ್ಸ್ ಕಾಡಿನಲ್ಲಿ ಇದನ್ನೇ ನಂಬಿಕೊಂಡರೆ ಇಬ್ಬರಿಗೂ ಉಳಿಗಾಲವಿಲ್ಲ. ಅಲ್ಲಿನ ಕಪ್ಪು ಕರಡಿ ಮರ ಹತ್ತುವುದರಲ್ಲಿ ನಮಗಿಂತ ಎಷ್ಟೋ ಚುರುಕು. ಮೈಮೇಲೆ ಬಿದ್ದ ಕಪ್ಪು ಕರಡಿಯ ಮುಂದೆ ಸತ್ತಂತೆ ಮಲಗಬೇಡಿ, ಕೈಗೆ ಸಿಕ್ಕ ಕಲ್ಲು ಕೋಲು ಹಿಡಿದು ಹೋರಾಡಿ ಎಂದೇ ಅಲ್ಲಿನ ರಾಷ್ಟ್ರೀಯ ಉದ್ಯಾನದವರು ಹೇಳುವುದು. ಓಡಿ ಪಾರಾಗುವುದಂತೂ ಆಗದ ಮಾತು. ಇಳಿಜಾರಿನಲ್ಲಿ ಕರಡಿ ಮುಗ್ಗರಿಸುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ಏರಾಗಲಿ ಇಳಿಜಾರಾಗಲಿ ಅದು ಮನುಷ್ಯನನ್ನು ಸಲೀಸಾಗಿ ಹಿಂದೆ ಹಾಕುತ್ತದೆ.

ಇವೆಲ್ಲಕ್ಕಿಂತ ಆಳವಾಗಿ ಬೇರುಬಿಟ್ಟ ನಂಬಿಕೆ ಇನ್ನೊಂದಿದೆ. ಮರಿಯಿರುವ ತಾಯಿ ಕಂಡರೆ ಮುಗಿಯಿತು, ಅದು ಬಿಡುವುದಿಲ್ಲ ಎಂಬುದು. ಕಪ್ಪು ಕರಡಿಯ ಮಟ್ಟಿಗೆ ದಾಖಲೆ ಹೇಳುವುದೇ ಬೇರೆ. ಕೆನಡಾದ ಕರಡಿ ತಜ್ಞ ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು 1900ರಿಂದ 2009ರವರೆಗೆ ಕೆನಡಾ ಮತ್ತು ಅಮೆರಿಕದಲ್ಲಿ ಕಾಡಿನ ಕಪ್ಪು ಕರಡಿಗಳಿಂದಾದ ಸಾವುಗಳನ್ನು ಕಲೆಹಾಕಿ 2011ರಲ್ಲಿ ಪ್ರಕಟಿಸಿದರು. 110 ವರ್ಷಗಳಲ್ಲಿ ಸತ್ತವರು 63 ಮಂದಿ. ಬಹುಪಾಲು ಪ್ರಕರಣಗಳಲ್ಲಿ ಕರಡಿ ಬಂದದ್ದು ಮನುಷ್ಯನನ್ನು ಬೇಟೆಯೆಂದೇ ಬಗೆದು, ಮತ್ತು ಹಾಗೆ ಬಂದವುಗಳಲ್ಲಿ ನೂರಕ್ಕೆ 92 ಗಂಡು. ಮರಿ ಕಾಯುವ ತಾಯಿ ಈ ಲೆಕ್ಕದಲ್ಲಿ ಅಪರೂಪ. ಹೆದರಬೇಕಾದದ್ದು ಸದ್ದಿಲ್ಲದೆ ಬೆನ್ನು ಹತ್ತುವ ಒಂಟಿ ಗಂಡಿಗೆ.

ತಾಯಿ ಏನು ಮಾಡುತ್ತದೆ ಎಂಬುದು ಅದರ ಉಗುರು ನೋಡಿದರೆ ಅರ್ಥವಾಗುತ್ತದೆ. ಕಪ್ಪು ಕರಡಿಯ ಉಗುರು ಗಿಡ್ಡ, ಕೊಕ್ಕೆಯಂತೆ ಬಾಗಿದ್ದು, ತೊಗಟೆಗೆ ಕಚ್ಚಿಕೊಳ್ಳಲು ಹೇಳಿ ಮಾಡಿಸಿದ್ದು. ಇದು ಮರಗಳ ನಡುವೆಯೇ ಬಾಳಿದ ಪ್ರಾಣಿ. ಅನುಮಾನ ಬಂದ ಕೂಡಲೇ ತಾಯಿ ಒಂದು ಗುಟುರು ಹಾಕುತ್ತದೆ, ಮರಿ ಸರಸರನೆ ಮರದ ತುದಿ ಸೇರುತ್ತದೆ. ಆಮೇಲೆ ತಾಯಿ ಬುಡದಲ್ಲಿ ನಿಲ್ಲಬಹುದು, ತಾನೂ ಹತ್ತಬಹುದು, ಒಮ್ಮೊಮ್ಮೆ ಮರಿಯನ್ನು ಮೇಲೆಯೇ ಬಿಟ್ಟು ಪೊದೆಯೊಳಗೆ ಮರೆಯಾಗಲೂಬಹುದು. ಬುಸ್ಸೆಂದು ಉಸಿರು ಬಿಡುವುದು, ಹಲ್ಲು ಕಟಕಟಿಸುವುದು, ಮುಂಗಾಲಿನಿಂದ ನೆಲಕ್ಕೆ ಬಡಿಯುವುದು, ನಾಲ್ಕು ಹೆಜ್ಜೆ ನುಗ್ಗಿ ಬಂದು ಗಕ್ಕನೆ ನಿಲ್ಲುವುದು, ಇವೆಲ್ಲ ನಮ್ಮ ಕಣ್ಣಿಗೆ ಕೋಪ. ಹೆಚ್ಚಿನ ಸಲ ಅದು ಅಂಜಿಕೆ, ದೂರ ಸರಿ ಎಂಬ ಮಾತು. ಹಿಂಗಾಲ ಮೇಲೆ ಎದ್ದು ನಿಂತರೆ ಅದು ಇನ್ನೂ ಸರಿಯಾಗಿ ನೋಡಲು, ಮೂಸಲು.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಒಂದು ಕರಡಿಯ ಗುಣವನ್ನು ಇನ್ನೊಂದಕ್ಕೆ ಅಂಟಿಸಿದ್ದರಿಂದ. ಅದೇ ಖಂಡದ ಗ್ರಿಜ್ಲಿ ತಾಯಿ ಮರಿಗಾಗಿ ನಿಜಕ್ಕೂ ಎರಗುತ್ತದೆ. ದರೋಜಿ ಕರಡಿಧಾಮದ ಬಂಡೆಗಳ ಮೇಲೆ ನಾವು ನೋಡುವ, ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ನಮ್ಮ ಕರಡಿಯೂ ಹಠಾತ್ತನೆ ಎದುರಾದರೆ ಮುಖ ಮೂತಿ ನೋಡದೆ ಪರಚುತ್ತದೆ. ಅದರ ಏಟು ತಿಂದ ಹಳ್ಳಿಗರ ಅನುಭವ ಸುಳ್ಳಲ್ಲ, ಪ್ರಾಣಿ ಬೇರೆ ಅಷ್ಟೆ. ಹಾಗೆಂದು ಕಪ್ಪು ಕರಡಿಯ ಮರಿ ಮುದ್ದಾಗಿದೆಯೆಂದು ಸೆಲ್ಫಿಗೆ ಹತ್ತಿರ ಹೋಗುವುದು ಶುದ್ಧ ತಲೆಹರಟೆ. ಸ್ಮೋಕಿ ಉದ್ಯಾನದಲ್ಲಿ ಬೇಕೆಂದೇ 50 ಗಜದೊಳಗೆ ಹೋದರೆ ಅಪರಾಧ. ನಾಯಿ ಜೊತೆಗಿದ್ದರಂತೂ ಅಂಜುಬುರುಕ ತಾಯಿಯೂ ತಿರುಗಿ ಬೀಳುವ ಸಂಭವ ಹೆಚ್ಚು.

ತಾಯಿಗೆ ನಮ್ಮ ಮೇಲೆ ಅಷ್ಟೊಂದು ಗಮನವೂ ಇಲ್ಲ. ಅದರ ತಲೆಯಲ್ಲಿರುವುದು ಕೊಬ್ಬಿನ ಲೆಕ್ಕ. ಬೇಟೆಯಾಡಿ ಮಾಂಸ ತಿಂದೇ ಬದುಕುವ ಪ್ರಾಣಿ ಎಂದುಕೊಂಡವರು ಅದರ ಒಂದು ವರ್ಷದ ಊಟ ನೋಡಬೇಕು. ವಸಂತದಲ್ಲಿ ಎಳೆ ಹುಲ್ಲು, ಚಿಗುರು. ಬೇಸಿಗೆಯಲ್ಲಿ ಬೆರ್ರಿ ಹಣ್ಣು. ಎಲೆ ಉದುರುವ ಕಾಲಕ್ಕೆ ಓಕ್ ಮತ್ತು ಬೀಚ್ ಮರದ ಕಾಯಿ. ಜಿಂಕೆಯ ಎಳೆಗರು, ಸತ್ತ ಪ್ರಾಣಿ ಸಿಕ್ಕರೆ ಬಿಡುವುದಿಲ್ಲ, ಆದರೂ ಊಟದ ದೊಡ್ಡ ಪಾಲು ಗಿಡಮರದ್ದೇ. ಹತ್ತಿರದಿಂದ ಚಿತ್ರಿಸಿದ ವಿಡಿಯೊಗಳಲ್ಲಿ ಗಮನಿಸಿ: ತಾಯಿ ಒಂದೇ ಕೈಯಲ್ಲಿ ಕಲ್ಲು ಮಗುಚುತ್ತದೆ, ಇರುವೆಗಳು ಬಿಳಿ ಮೊಟ್ಟೆ ಹೊತ್ತು ಚದುರುವ ಮುನ್ನವೇ ನಾಲಗೆ ಚಾಚಿ ಬಳಿದುಕೊಳ್ಳುತ್ತದೆ. ಮರಿ ಪಕ್ಕದ ಕಲ್ಲಿಗೆ ಕೈ ಹಾಕಿ ಜಗ್ಗಾಡುತ್ತದೆ, ಕಲ್ಲು ಅಲುಗುವುದಿಲ್ಲ. ಕೊನೆಗೆ ಅಮ್ಮನ ಮೂತಿಗೇ ಮೂಗಿಟ್ಟು ಏನು ತಿಂದಳೆಂದು ಮೂಸುತ್ತದೆ. ಯಾವುದು ತಿನಿಸು, ಎಲ್ಲಿ ಸಿಗುತ್ತದೆ ಎಂಬ ಪಾಠ ನಡೆಯುವುದು ಹೀಗೆ.

ಜೇನಿನ ವಿಷಯಕ್ಕೆ ಬಂದರೆ, ಗೂಡು ಒಡೆದ ಕರಡಿಗೆ ತುಪ್ಪದಷ್ಟೇ ಅದರೊಳಗಿನ ಮರಿಹುಳುಗಳ ಮೇಲೂ ಆಸೆ. ಮಕ್ಕಳ ಕಥೆಯ ಜೇನುಪ್ರಿಯ ಕರಡಿ ವಿನ್ನಿ ದ ಪೂಗೆ ಹೆಸರು ಕೊಟ್ಟ ವಿನ್ನಿ ನಿಜವಾದ ಕಪ್ಪು ಕರಡಿಯೇ. ತಾಯಿಯನ್ನು ಕಳೆದುಕೊಂಡ ಆ ಮರಿಯನ್ನು ಕೆನಡಾದ ಸೇನಾಧಿಕಾರಿಯೊಬ್ಬರು 1914ರಲ್ಲಿ ಕೊಂಡಿದ್ದರು. ಅದು ಲಂಡನ್ ಮೃಗಾಲಯ ಸೇರಿತು.

ಚಳಿಗಾಲವಿಡೀ ಕರಡಿ ಕುಂಭಕರ್ಣ ನಿದ್ದೆ ಹೊಡೆಯುತ್ತದೆ ಎಂಬ ಮಾತು ಅರ್ಧ ನಿಜ. ತಿಂಗಳುಗಟ್ಟಲೆ ಅನ್ನವಿಲ್ಲ, ನೀರಿಲ್ಲ, ಮಲಮೂತ್ರವೂ ಇಲ್ಲ. ಆದರೆ ಮೈಶಾಖ ಕೆಲವೇ ಡಿಗ್ರಿ ಇಳಿಯುವುದರಿಂದ ಸದ್ದಾದರೆ ಎಚ್ಚರವಾಗುತ್ತದೆ. ತಾಯಿ ಹೆರುವುದೂ ಈ ಗವಿಯಲ್ಲೇ, ಜನವರಿ ಸುಮಾರಿಗೆ. ಹುಟ್ಟಿದ ಮರಿ ಅರ್ಧ ಕಿಲೋ ಕೂಡ ತೂಗುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ಅಚ್ಚರಿ ಇರುವುದು ಇದರ ಹಿಂದಿನ ವ್ಯವಸ್ಥೆಯಲ್ಲಿ. ಜೂನ್–ಜುಲೈನಲ್ಲಿ ಗಂಡನ್ನು ಕೂಡಿದರೂ ಭ್ರೂಣ ಗರ್ಭಕೋಶಕ್ಕೆ ಅಂಟಿ ಬೆಳೆಯತೊಡಗುವುದು ಚಳಿಗಾಲದ ಹೊಸ್ತಿಲಲ್ಲಿ. ಅಷ್ಟರೊಳಗೆ ಮೈಯಲ್ಲಿ ಸಾಕಷ್ಟು ಕೊಬ್ಬು ಕೂಡಿರದಿದ್ದರೆ ಬಸಿರು ನಿಲ್ಲುವುದೇ ಇಲ್ಲ. ಓಕ್ ಕಾಯಿ ಕೈಕೊಟ್ಟ ವರ್ಷದ ಮರುವಸಂತದಲ್ಲಿ ಮರಿಗಳು ಕಡಿಮೆ ಕಾಣುವುದು ಇದಕ್ಕೇ.

ಬಣ್ಣದ್ದು ಚಿಕ್ಕ ಮಾತು. ಹೆಸರು ಕಪ್ಪಾದರೂ ಕಂದು, ದಾಲ್ಚಿನ್ನಿ ಬಣ್ಣದವೂ ಇವೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕೆಲವು ಅಚ್ಚ ಬಿಳಿ. ಒಂದೇ ತಾಯಿಯ ಮರಿಗಳಲ್ಲೂ ಬಣ್ಣ ಬೇರೆ ಬೇರೆ ಇರಬಹುದು.

ಕಾಡಿನಂಚಿನಲ್ಲಿ ಒಂಟಿ ಮರಿ ಕಂಡಾಗ ಪಾಪ, ತಬ್ಬಲಿ ಎಂದು ಎತ್ತಿಕೊಳ್ಳುವವರಿದ್ದಾರೆ. ಬಹಳ ಸಲ ತಾಯಿ ಅಲ್ಲೇ ಸುತ್ತಮುತ್ತ ಮೇಯುತ್ತಿರುತ್ತದೆ, ನಾವು ನಿಂತಷ್ಟು ಹೊತ್ತೂ ಅದು ಹತ್ತಿರ ಸುಳಿಯುವುದಿಲ್ಲ. ದೂರ ಸರಿದು ಆಯಾ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನ್ ಮಾಡುವುದೇ ಸರಿ. ಅದಕ್ಕೂ ಕೆಟ್ಟ ಕರುಣೆಯೆಂದರೆ ಬಿಸ್ಕತ್ತು ಎಸೆಯುವುದು, ಕಸದ ಡಬ್ಬಿ ತೆರೆದಿಡುವುದು. ಮರಿ ಸುಮಾರು ಒಂದೂವರೆ ವರ್ಷ ತಾಯಿಯ ಬೆನ್ನಿಗಿರುತ್ತದೆ. ತಾಯಿ ಡಬ್ಬಿ ಮಗುಚಿದರೆ ಅದು ಕಲಿಯುವುದೂ ಅದನ್ನೇ, ಮರುವರ್ಷ ಒಂಟಿಯಾದಾಗ ಹುಡುಕಿಕೊಂಡು ಹೋಗುವುದೂ ಡಬ್ಬಿಯನ್ನೇ. ಅಂಥ ಕರಡಿಯನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಎಷ್ಟೋ ಮೈಲಿ ನಡೆದು ವಾಪಸು ಬರುತ್ತದೆ. ಮತ್ತೆ ಮತ್ತೆ ಬಂದು ಮನೆ, ಕಾರು ಒಡೆಯತೊಡಗಿದರೆ ಇಲಾಖೆಯವರು ಅದನ್ನು ಕೊಲ್ಲುತ್ತಾರೆ.